ಬೆಂಕಿಯ ಹೊಳೆಗೆ ಕಾವಲು ಕೂತ ಊರು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ವಿಪತ್ತಿನ ಮುನ್ನೆಚ್ಚರಿಕೆಯ ಬಗ್ಗೆ ಮಾತಾಡಬೇಕೆಂದು ಒಕ್ಕೂಟದ ಅಧ್ಯಕ್ಷೆಯವರು ಕೇಳಿಕೊಂಡಿದ್ದಾರೆ. ನೆರೆ, ಸಿಡಿಲು, ಗುಡ್ಡ ಜರಿಯುವುದು, ಕಡಲ್ಕೊರೆತ, ಇವುಗಳ ಬಗ್ಗೆ ನಾವು ನಿಮಗೆ ಹೇಳುವುದಕ್ಕಿಂತ ನೀವು ನಮಗೆ ಹೇಳುವುದೇ ಹೆಚ್ಚು ಇದ್ದೀತು. ಅದಕ್ಕೆ ಇವತ್ತು ಇಲ್ಲಿ ಕೂತ ಯಾರ ಮನೆಗೂ ಬಾರದ ಒಂದು ವಿಪತ್ತನ್ನು ಆರಿಸಿಕೊಂಡಿದ್ದೇವೆ. ದೂರದ ವಿಷಯವಾದರೆ ಸ್ವಲ್ಪ ತಣ್ಣಗೆ ಕೂತು ಯೋಚಿಸಲಿಕ್ಕೆ ಆಗುತ್ತದೆ.

ಶಾಂತಸಾಗರದ ನಡುವೆ ಹವಾಯಿ ಎಂಬ ದ್ವೀಪ ಉಂಟು. ಅಮೆರಿಕ ದೇಶಕ್ಕೆ ಸೇರಿದ್ದು. ಅಲ್ಲಿ ಪಾಹೋವಾ ಎಂಬ ಸಣ್ಣ ಪೇಟೆ. ಪೇಟೆಯೊಳಗೆ ಸಾವಿರಕ್ಕಿಂತ ಕಡಿಮೆ ಜನ, ಸುತ್ತಲ ಬಡಾವಣೆಗಳಲ್ಲಿ ಇನ್ನೂ ಸಾವಿರಾರು ಜನ. 2014ರಲ್ಲಿ ಈ ಪೇಟೆಯ ಕಡೆಗೆ ಲಾವಾರಸ, ಅಂದರೆ ಜ್ವಾಲಾಮುಖಿಯಿಂದ ಉಕ್ಕಿ ಬಂದ ಕರಗಿದ ಕಲ್ಲು, ನಾಲ್ಕು ತಿಂಗಳ ಕಾಲ ಬಂತು. ಓಡಿ ಬರಲಿಲ್ಲ, ನಡೆದು ಬಂತು. ಕೆಲವು ದಿನ ಅದೂ ಇಲ್ಲ, ತೆವಳಿಕೊಂಡು ಬಂತು. ಈ ನಾಲ್ಕು ತಿಂಗಳು ಊರಿನವರು ಹೇಗೆ ಕಳೆದರು, ಅದನ್ನು ಕಾಯುತ್ತಿದ್ದವರು ಅವರಿಗೆ ಏನು ಹೇಳಿದರು, ಇದೇ ನಮ್ಮ ಇವತ್ತಿನ ವಿಷಯ.

"ಜ್ವಾಲಾಮುಖಿಗೂ ನಮಗೂ ಏನು ಸಂಬಂಧ ಸಿಸ್ಟರ್?" ಅಂತ ನೀವು ಕೇಳಬಹುದು. ಸಂಬಂಧ ಉಂಟು, ಆದರೆ ಬಹಳ ಹಳೆಯದು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿದವರು ಕೈ ಎತ್ತಿ ನೋಡುವ. ಅಲ್ಲಿ ಕೆತ್ತಿ ನಿಲ್ಲಿಸಿದ ಹಾಗೆ ಕಲ್ಲಿನ ಕಂಬಗಳು ಇವೆಯಲ್ಲ, ಅವನ್ನು ಯಾರೂ ಕೆತ್ತಿದ್ದಲ್ಲ. ಸುಮಾರು ಎಂಟೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಹಾಗೆ ಕಂಬಗಳಾಯಿತು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಎರೆ ಮಣ್ಣು ಕೂಡ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನ ಲಾವಾ ಕಲ್ಲು ಸವೆದು ಆದದ್ದು. ಅಂದರೆ ಅಲ್ಲಿನ ಜೋಳದ ರೊಟ್ಟಿ ತಿನ್ನುವವರೆಲ್ಲ ಒಂದು ರೀತಿಯಲ್ಲಿ ಜ್ವಾಲಾಮುಖಿಯ ಋಣದವರೇ. ನಮ್ಮ ದೇಶದಲ್ಲಿ ಈಗಲೂ ಜೀವಂತ ಇರುವ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಅಲ್ಲಿ ಜನವಸತಿ ಇಲ್ಲ. ಹವಾಯಿಯಲ್ಲಿ ಜನವಸತಿ ಉಂಟು. ಕಷ್ಟ ಇರುವುದು ಅಲ್ಲಿಯೇ.

ಕಿಲಾವೆಯಾ ಎಂಬುದು ಆ ಜ್ವಾಲಾಮುಖಿಯ ಹೆಸರು. ನಾವು ಚಿತ್ರದಲ್ಲಿ ನೋಡುವ ಹಾಗೆ ಚೂಪು ಬೆಟ್ಟ ಅಲ್ಲ, ಮಗುಚಿಟ್ಟ ತಟ್ಟೆಯ ಹಾಗೆ ಅಗಲ. ಅದರ ಪೂರ್ವದ ಮಗ್ಗುಲಲ್ಲಿ 1983ರ ಜನವರಿಯಲ್ಲಿ ಶುರುವಾದ ಉಕ್ಕು 2018ರವರೆಗೆ, ಅಂದರೆ ಮೂವತ್ತೈದು ವರ್ಷ ಮುಂದುವರಿಯಿತು. ಅಲ್ಲಿ ಹುಟ್ಟಿದ ಮಕ್ಕಳು ಮದುವೆಯಾಗಿ ಅವರಿಗೆ ಮಕ್ಕಳಾದರೂ ಲಾವಾ ಹರಿಯುತ್ತಲೇ ಇತ್ತು. 1990ರಲ್ಲಿ ಸಮುದ್ರ ತೀರದ ಕಲಪಾನ ಎಂಬ ಊರು ಅದರ ಅಡಿಗೆ ಹೋಯಿತು, ನೂರಕ್ಕೂ ಹೆಚ್ಚು ಮನೆಗಳು. ಅಲ್ಲಿ ಮರದ ಒಂದು ಚಿಕ್ಕ ಕಥೋಲಿಕ ಇಗರ್ಜಿ ಇತ್ತು, ಗೋಡೆ ಮಾಡಿನ ಮೇಲೆಲ್ಲ ಚಿತ್ರ ಬರೆದದ್ದು, ಸಮುದ್ರತಾರೆ ಮಾತೆಯ ಹೆಸರಿನದ್ದು. ಲಾವಾ ಹತ್ತಿರ ಬಂದಾಗ ಊರಿನವರು ಸೇರಿ ಇಗರ್ಜಿಯನ್ನು ಇಡಿಯಾಗಿ ಎತ್ತಿ ಲಾರಿಯ ಮೇಲಿಟ್ಟು ಬೇರೆ ಕಡೆಗೆ ಸಾಗಿಸಿದರು. ಇವತ್ತಿಗೂ ಅದು ಉಂಟು. ಎತ್ತಿಡಲಿಕ್ಕೆ ಸಮಯ ಸಿಕ್ಕಿತು ನೋಡಿ. ಲಾವಾ ಎಲ್ಲಿ ಉಂಟು, ಎಷ್ಟು ವೇಗದಲ್ಲಿ ಬರುತ್ತಾ ಉಂಟು ಎಂದು ಲೆಕ್ಕ ಇಡುವವರು ಇದ್ದದ್ದರಿಂದ ಆ ಸಮಯ ಗೊತ್ತಾಯಿತು.

ಈಗ ಪಾಹೋವಾಕ್ಕೆ ಬರೋಣ. 2014ರ ಜೂನ್ 27ರಂದು ಹೊಸ ಬಿರುಕಿನಿಂದ ಲಾವಾ ಹೊರಟಿತು. ಅಲ್ಲಿಂದ ಪೇಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಮೊದಲಿಗೆ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಕಾಡಿನ ಮಧ್ಯೆ ಹರಿಯುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಅದು ನೆಲದ ಆಳವಾದ ಬಿರುಕುಗಳಿಗೆ ಬಿದ್ದು ಮಾಯವಾಯಿತು, ಮುಂದೆ ಎಲ್ಲಿಯೋ ಮತ್ತೆ ಎದ್ದಿತು. ಆಗ ಕಾಯುವವರಿಗೆ ಗಾಬರಿಯಾಯಿತು. ಸೆಪ್ಟೆಂಬರ್ ಆರಂಭದಲ್ಲಿ ಎಚ್ಚರಿಕೆಯ ಮಟ್ಟವನ್ನು ಏರಿಸಿದರು.

ಇಷ್ಟು ದೂರ ಹರಿದರೂ ಲಾವಾ ಆರಿ ಹೋಗುವುದಿಲ್ಲ ಯಾಕೆ? ಆಲೆಮನೆಯಲ್ಲಿ ಬೆಲ್ಲದ ಪಾಕ ಹೊಯ್ಯುವುದನ್ನು ನೋಡಿದವರಿಗೆ ಇದು ಸುಲಭ. ಮೇಲೆ ಬೇಗ ಪದರ ಕಟ್ಟುತ್ತದೆ, ಒಳಗೆ ಬಿಸಿ ಹಾಗೆಯೇ ಇರುತ್ತದೆ. ಬೆರಳು ಹಾಕಿದವರಿಗೆ ಗೊತ್ತು! ಲಾವಾ ಹೊರಬರುವಾಗ ಅದರ ಬಿಸಿ ಸುಮಾರು 1150 ಡಿಗ್ರಿ ಸೆಲ್ಸಿಯಸ್. ಮೇಲ್ಭಾಗ ಗಾಳಿಗೆ ಗಟ್ಟಿಯಾಗಿ ಕಲ್ಲಿನ ಚಿಪ್ಪು ಕಟ್ಟುತ್ತದೆ. ಆ ಚಿಪ್ಪು ಒಳಗಿನ ಬಿಸಿಯನ್ನು ಕಾಪಾಡುತ್ತದೆ. ಹಾಗೆ ಕಲ್ಲಿನ ಕೊಳವೆಯೇ ಆಗಿಬಿಡುತ್ತದೆ. ಅದರೊಳಗೆ ಕಿಲೋಮೀಟರ್‌ಗಟ್ಟಲೆ ಹರಿದರೂ ಹೆಚ್ಚು ತಣ್ಣಗಾಗುವುದಿಲ್ಲ. ಒಳಗೆ ಒತ್ತಡ ಹೆಚ್ಚಾದರೆ ಚಿಪ್ಪು ಉಬ್ಬಿ, ಎಲ್ಲಿ ಬೇಕಾದರೂ ಒಡೆದು ಹೊಸ ನಾಲಿಗೆ ಚಾಚುತ್ತದೆ. ನುಣ್ಣಗೆ ಹರಿಯುವ ಇಂತಹ ಲಾವಾಕ್ಕೆ ಹವಾಯಿಯ ಜನ 'ಪಾಹೊಯೆಹೊಯೆ' ಎಂದೂ, ಒರಟಾಗಿ ಉರುಳುವುದಕ್ಕೆ 'ಆಆ' ಎಂದೂ ಹೇಳುತ್ತಾರೆ. ಜಗತ್ತಿನ ವಿಜ್ಞಾನಿಗಳೆಲ್ಲ ಈಗ ಇದೇ ಹೆಸರು ಬಳಸುತ್ತಾರೆ. ಕಾಲೇಜು ಮೆಟ್ಟಿಲು ಹತ್ತದವರು ಇಟ್ಟ ಹೆಸರು ಪಠ್ಯಪುಸ್ತಕಕ್ಕೆ ಹೋಯಿತು. ನಮಗೆ ಇದು ಬಹಳ ಇಷ್ಟವಾದ ವಿಷಯ.

ಕಾಯುವವರು ಯಾರು? ಹವಾಯಿ ಜ್ವಾಲಾಮುಖಿ ವೀಕ್ಷಣಾಲಯ ಎಂಬ ಸಂಸ್ಥೆ. ಥಾಮಸ್ ಜಾಗರ್ ಎಂಬ ವಿಜ್ಞಾನಿ 1912ರಲ್ಲಿ ಅದನ್ನು ಕಟ್ಟಿದರು. ಅದಕ್ಕೆ ಹತ್ತು ವರ್ಷ ಮೊದಲು, 1902ರಲ್ಲಿ, ಮಾರ್ಟಿನಿಕ್ ಎಂಬ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿದು ಸಾಂ ಪಿಯೆರ್ ಎಂಬ ಪಟ್ಟಣ ನಿಮಿಷಗಳಲ್ಲಿ ಬೂದಿಯಾಯಿತು, ಸುಮಾರು 28,000 ಜನ ಸತ್ತರು. ಜಾಗರ್ ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದವರು. ಸಿಡಿದ ಮೇಲೆ ಹೋಗಿ ಅಧ್ಯಯನ ಮಾಡಿದರೆ ಸಾಲದು, ಬೆಟ್ಟದ ಪಕ್ಕದಲ್ಲೇ ಮನೆ ಮಾಡಿ ವರ್ಷವಿಡೀ ದಿನಾ ನೋಡಬೇಕು ಎಂಬುದು ಅವರ ಹಠ.

ದಿನಾ ನೋಡುವುದು ಅಂದರೆ ಏನು ಮಾಡುತ್ತಾರೆ? ಪಾಹೋವಾದ ವಿಷಯದಲ್ಲಿ ಹೆಲಿಕಾಪ್ಟರಿನಲ್ಲಿ ಮೇಲೆ ಹೋಗಿ ಲಾವಾದ ಅಂಚನ್ನು ನಕ್ಷೆಗೆ ಇಳಿಸುತ್ತಿದ್ದರು. ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಇತ್ತು. ಹೊಗೆಯ ಅಡಿಯಲ್ಲೂ ಎಲ್ಲಿ ಹೊಸದಾಗಿ ಒಡೆದಿದೆ ಎಂದು ಅದರಲ್ಲಿ ಕಾಣುತ್ತದೆ. ಉಪಗ್ರಹದ ಚಿತ್ರ ತರಿಸುತ್ತಿದ್ದರು. ಹತ್ತಿರ ಬಂದ ಮೇಲೆ ಜಿಪಿಎಸ್ ಯಂತ್ರ ಕೈಯಲ್ಲಿ ಹಿಡಿದು ಅಂಚಿನ ಉದ್ದಕ್ಕೂ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಇದರ ಜೊತೆ ಬೆಟ್ಟದ ಶಿಖರದಲ್ಲಿ ನೆಲದ ಓರೆ ಅಳೆಯುವ ಯಂತ್ರಗಳಿವೆ. ಒಂದು ಕಿಲೋಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಒಂದು ಮಿಲಿಮೀಟರ್ ಎತ್ತಿದರೂ ಅದಕ್ಕೆ ತಿಳಿಯುತ್ತದೆ, ಅಷ್ಟು ಸೂಕ್ಷ್ಮ. ಶಿಖರ ಸ್ವಲ್ಪ ಕುಗ್ಗಿದರೆ ಕೆಳಗೆ ಲಾವಾದ ಪೂರೈಕೆ ಕಡಿಮೆಯಾಗಿ ಹರಿವು ನಿಧಾನವಾಗುತ್ತದೆ. ಮತ್ತೆ ಉಬ್ಬಿದರೆ ಹರಿವು ಚುರುಕಾಗುತ್ತದೆ. ಮಲಗಿದ ಮಗುವಿನ ಹೊಟ್ಟೆ ಏರಿಳಿಯುವುದನ್ನು ತಾಯಿ ನೋಡಿದ ಹಾಗೆ.

ಆಮೇಲೆ ಲಾವಾ ಯಾವ ದಾರಿ ಹಿಡಿಯುತ್ತದೆ ಎಂಬ ಲೆಕ್ಕ. ನೆಲದ ಏರುತಗ್ಗಿನ ನಕ್ಷೆ ಇಟ್ಟುಕೊಂಡು ಎಲ್ಲಿಂದ ಎಲ್ಲಿಗೆ ಇಳಿಜಾರು ಹೆಚ್ಚು ಎಂದು ಗೆರೆ ಎಳೆಯುತ್ತಾರೆ. ಗದ್ದೆಗೆ ನೀರು ಬಿಡುವ ನಿಮಗೆ ಇದನ್ನು ಕಲಿಸಬೇಕಾಗಿಲ್ಲ. ಆದರೆ ನೀರಿಗೂ ಇದಕ್ಕೂ ಒಂದು ವ್ಯತ್ಯಾಸ ಉಂಟು: ಲಾವಾ ಹೋದ ದಾರಿಯಲ್ಲೇ ಗಟ್ಟಿಯಾಗಿ ತಗ್ಗನ್ನು ದಿಬ್ಬ ಮಾಡಿಬಿಡುತ್ತದೆ. ನಿನ್ನೆ ಎಳೆದ ಗೆರೆ ಇವತ್ತು ತಪ್ಪುತ್ತದೆ. ಹಾಗಾಗಿ ಗೆರೆಯನ್ನು ಪುನಃ ಪುನಃ ಎಳೆಯಬೇಕು.

ಇದಿಷ್ಟು ಯಂತ್ರದ ಕೆಲಸ. ನಮಗೆ ಹೆಚ್ಚು ಮುಖ್ಯ ಅನಿಸುವುದು ಇದರ ನಂತರದ ಕೆಲಸ, ಅದನ್ನು ಜನರಿಗೆ ಹೇಳುವುದು.

ಪಾಹೋವಾದ ಹೈಸ್ಕೂಲಿನಲ್ಲಿ ಊರಿನವರ ಸಭೆಗಳು ನಡೆದವು. ಒಂದೆರಡಲ್ಲ, ತಿಂಗಳುಗಟ್ಟಲೆ, ಸಾಮಾನ್ಯವಾಗಿ ವಾರಕ್ಕೊಮ್ಮೆ. ಮುಂದೆ ಗೋಡೆಗೆ ನಕ್ಷೆ. ವಿಜ್ಞಾನಿಗಳು ಬಂದು ನಿಲ್ಲುತ್ತಿದ್ದರು, ಜಿಲ್ಲಾಡಳಿತದ ನಾಗರಿಕ ರಕ್ಷಣಾ ಅಧಿಕಾರಿಗಳು ನಿಲ್ಲುತ್ತಿದ್ದರು, ಶಾಲೆಯವರು, ವಿದ್ಯುತ್ ಕಂಪನಿಯವರು. ಜನ ಪ್ರಶ್ನೆ ಕೇಳುತ್ತಿದ್ದರು. ಲಾವಾ ಮನೆಗಳ ಹತ್ತಿರ ಬಂದಾಗ ಅಧಿಕಾರಿಗಳು ಮನೆಮನೆಗೆ ಹೋಗಿ, ನೀವು ಎಲ್ಲಿಗೆ ಹೋಗುತ್ತೀರಿ, ನಿಮಗೆ ಜಾಗ ಉಂಟಾ ಎಂದು ವಿಚಾರಿಸಿದರು. ಮನೆ ಉರಿಯುವುದನ್ನು ನೋಡಬೇಕು ಎನ್ನುವ ಮನೆಯವರಿಗೆ ಹತ್ತಿರ ನಿಂತು ನೋಡಲು ಅವಕಾಶ ಮಾಡಿಕೊಡುತ್ತೇವೆ ಎಂದೂ ಹೇಳಿದರು. ಮೊದಲು ಓದಿದಾಗ ಇದು ನಮಗೆ ಕ್ರೂರ ಎನಿಸಿತು. ಆಮೇಲೆ ಯೋಚಿಸಿದೆವು: ತೀರಿಕೊಂಡವರ ಮುಖ ನೋಡದೆ ನಮಗೆ ಸಮಾಧಾನ ಆಗುತ್ತದಾ?

ಆ ಸಭೆಗಳಲ್ಲಿ ವಿಜ್ಞಾನಿಗಳು ಹೇಳುತ್ತಿದ್ದ ಮಾತಿನ ರೀತಿಯನ್ನು ನೀವು ಸ್ವಲ್ಪ ಗಮನಿಸಬೇಕು. "ಇಂತಿಷ್ಟು ದಿನಕ್ಕೆ ಲಾವಾ ರಸ್ತೆಗೆ ಬರುತ್ತದೆ" ಎಂದು ಅವರು ಹೇಳುತ್ತಿರಲಿಲ್ಲ. "ಇದೇ ವೇಗದಲ್ಲಿ ಬಂದರೆ ಇಂತಿಷ್ಟು ದಿನದಲ್ಲಿ ರಸ್ತೆ ಮುಟ್ಟಬಹುದು" ಎನ್ನುತ್ತಿದ್ದರು. ಈ 'ಬಂದರೆ' ಎಂಬ ಮಾತಿನ ಕೊನೆಯಲ್ಲಿ ಒಂದು 'ರೆ' ಉಂಟಲ್ಲ, ಇಡೀ ಎಚ್ಚರಿಕೆಯ ಸತ್ಯ ಇರುವುದು ಆ ಒಂದು ಅಕ್ಷರದಲ್ಲಿ. ಆದರೆ ಮಾತು ಬಾಯಿಂದ ಬಾಯಿಗೆ ಹೋಗುವಾಗ ಮೊದಲು ಬಿದ್ದುಹೋಗುವುದು ಅದೇ ಅಕ್ಷರ. ಸಭೆಯಲ್ಲಿ ಕೇಳಿದವರು ಅಂಗಡಿಯಲ್ಲಿ ಹೇಳುವಾಗ "ಬರುತ್ತದಂತೆ" ಎನ್ನುತ್ತಾರೆ. ಅಂಗಡಿಯಲ್ಲಿ ಕೇಳಿದವರು ಬಸ್ಸಿನಲ್ಲಿ "ಶುಕ್ರವಾರ ಬರುತ್ತದೆ" ಎನ್ನುತ್ತಾರೆ. ಶುಕ್ರವಾರ ಬರದಿದ್ದರೆ ಬೈಗುಳ ಯಾರಿಗೆ? ಮೊದಲು ಹೇಳಿದವರಿಗೆ. ನಮ್ಮ ಸಂಘಗಳಲ್ಲೂ ಹೀಗೆಯೇ ಅಲ್ವಾ? "ಬ್ಯಾಂಕಿನವರು ಒಪ್ಪಿದರೆ ಸಾಲ ಸಿಗಬಹುದು" ಎಂದು ಪ್ರೇರಕಿ ಹೇಳಿದ್ದು ಸಂಜೆಯೊಳಗೆ "ಸಾಲ ಮಂಜೂರಾಯಿತು" ಎಂದು ಆಗಿರುತ್ತದೆ.

ಸೆಪ್ಟೆಂಬರ್ ತಿಂಗಳಲ್ಲಿ ಲಾವಾದ ಮುಂದಿನ ತುದಿ ನಿಂತೇಬಿಟ್ಟಿತು. ಜನ ಉಸಿರುಬಿಟ್ಟರು. ಆದರೆ ಹಿಂದೆ ಬೇರೆ ಕಡೆ ಒಡೆದು, ಹೊಸ ಹರಿವು ನಿಂತದ್ದನ್ನು ದಾಟಿ ಮುಂದೆ ಬಂತು. ಅಕ್ಟೋಬರ್ 25ರ ಹೊತ್ತಿಗೆ ಪೇಟೆಯ ಮೇಲ್ಭಾಗದ ರಸ್ತೆಯೊಂದನ್ನು ದಾಟಿತು. ಆಗ ಅದರ ವೇಗ ಗಂಟೆಗೆ ಸುಮಾರು ಹತ್ತು ಗಜ. ಮಗು ಅಂಬೆಗಾಲಿಟ್ಟರೂ ಇದಕ್ಕಿಂತ ಬೇಗ. ಬೌದ್ಧರ ಹಳೆಯ ಸ್ಮಶಾನವೊಂದನ್ನು ಹೊಕ್ಕಿತು. ಹಸಿ ಗಿಡಮರ ಅಡಿಯಲ್ಲಿ ಬೆಂದು ಅನಿಲ ತುಂಬಿ ಡಬ್ ಡಬ್ ಎಂದು ಸಿಡಿಯುತ್ತಿತ್ತು, ಹೊಗೆಯಿಂದ ದಮ್ಮಿನ ಕಾಯಿಲೆಯವರಿಗೆ ಬಹಳ ತೊಂದರೆಯಾಯಿತು. ಅಕ್ಟೋಬರ್ 30ರಂದು ಅದು ಪೇಟೆಯ ಮುಖ್ಯ ರಸ್ತೆಯಿಂದ ಸುಮಾರು 155 ಮೀಟರ್ ದೂರದಲ್ಲಿತ್ತು. ಅಲ್ಲಿ ನಿಂತಿತು.

ನವೆಂಬರ್ 10ರಂದು ಪಕ್ಕದಿಂದ ಚಾಚಿದ ನಾಲಿಗೆ ಒಂದು ಮನೆಯನ್ನು ಸುಟ್ಟಿತು. ಒಳಗೆ ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಇನ್ನೊಂದು ಹರಿವು ಹೊರಟು ಅಂಗಡಿ ಸಾಲಿನ ಕಡೆಗೆ, ಹೆದ್ದಾರಿಯ ಕಡೆಗೆ ಬಂತು. ಅದೂ 2015ರ ಜನವರಿಯಲ್ಲಿ ಹೆದ್ದಾರಿ ಮುಟ್ಟುವ ಮೊದಲೇ ನಿಂತಿತು. ಒಟ್ಟು ಹೋದದ್ದು ಒಂದೇ ವಾಸದ ಮನೆ. ಜೀವ ಒಂದೂ ಹೋಗಲಿಲ್ಲ.

ಆದರೆ ಆ ತಿಂಗಳುಗಳಲ್ಲಿ ಏನೆಲ್ಲ ಆಯಿತು ನೋಡಿ. ಒಂದು ಪ್ರಾಥಮಿಕ ಶಾಲೆ ಮುಚ್ಚಿತು, ಮಕ್ಕಳನ್ನು ದೂರಕ್ಕೆ ಹಾಕಬೇಕಾಯಿತು. ಅಂಗಡಿಯವರು ಸಾಮಾನು ಖಾಲಿ ಮಾಡಿ ಬಾಗಿಲು ಹಾಕಿದರು, ಕೆಲಸದವರಿಗೆ ಕೆಲಸ ಹೋಯಿತು. ಹೆದ್ದಾರಿ ತುಂಡಾದರೆ ಆಚೆಗಿನ ಸಾವಿರಾರು ಜನ ಸಿಕ್ಕಿಬೀಳುತ್ತಾರೆಂದು, ಬಳಸದೆ ಬಿಟ್ಟಿದ್ದ ಹಳೆಯ ದಾರಿಗಳಿಗೆ ಜಲ್ಲಿ ಹಾಕಿ ಸರಿ ಮಾಡಿದರು. ವಿದ್ಯುತ್ ಕಂಪನಿಯವರು ಕಂಬಗಳ ಸುತ್ತ ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಜ್ವಾಲಾಮುಖಿಯ ಜಲ್ಲಿಯನ್ನೇ ತುಂಬಿಸಿದರು. ಬಾವಿಗೆ ನಾವು ಬಳೆ ಇಳಿಸುತ್ತೇವಲ್ಲ, ಹಾಗೆ. ಲಾವಾ ಬಂದು ಸುತ್ತುವರಿದರೂ ಆ ಕಂಬ ಬೀಳಲಿಲ್ಲ!

ಲಾವಾ ನಿಂತ ಮೇಲೆ ಅಸಮಾಧಾನ ಎದ್ದದ್ದು ಸಹಜ. ಬಾಗಿಲು ಹಾಕಿ ನಷ್ಟ ಅನುಭವಿಸಿದವರು, ಬೇರೆ ಊರಿಗೆ ಹೋಗಿ ಬಾಡಿಗೆ ಕೊಟ್ಟವರು "ಸುಮ್ಮನೆ ಹೆದರಿಸಿದಿರಿ" ಎನ್ನದೆ ಇರುತ್ತಾರಾ? ನಮ್ಮ ಅಭಿಪ್ರಾಯ ಕೇಳಿದರೆ, ಅವರ ಸಿಟ್ಟು ತಪ್ಪಲ್ಲ. ಅವರ ದುಡ್ಡು ಹೋದದ್ದು ನಿಜ. ಎಚ್ಚರಿಕೆಗೂ ಖರ್ಚು ಉಂಟು, ಆ ಖರ್ಚು ಹೆಚ್ಚಾಗಿ ಬೀಳುವುದು ಬಾಡಿಗೆ ಮನೆಯವರ ಮೇಲೆ, ದಿನಗೂಲಿಯವರ ಮೇಲೆ. ಆದರೆ ವೀಕ್ಷಣಾಲಯದವರು ಸುಳ್ಳು ಹೇಳಿದರು ಎಂಬುದು ತಪ್ಪು. ಅವರ ದಿನದಿನದ ವರದಿಯಲ್ಲಿ ಆ 'ರೆ' ಇತ್ತು. ಎಷ್ಟು ಗಂಟೆಗೆ ನೋಡಿದೆವು, ಎಲ್ಲಿತ್ತು, ನಿನ್ನೆಗಿಂತ ಎಷ್ಟು ಮುಂದೆ ಬಂತು, ಎಲ್ಲವೂ ಬರಹದಲ್ಲಿ ಇತ್ತು, ಯಾರು ಬೇಕಾದರೂ ನೋಡಬಹುದಿತ್ತು.

ಇನ್ನೊಂದು ವಿಷಯ ಆ ಸಭೆಗಳಲ್ಲಿ ಬಿಸಿಯಾಗಿ ಚರ್ಚೆಯಾಯಿತು. "ಮಣ್ಣಿನ ಒಡ್ಡು ಹಾಕಿ ಲಾವಾವನ್ನು ಬೇರೆ ಕಡೆ ತಿರುಗಿಸಿ" ಎಂದು ಕೆಲವರು ಕೇಳಿದರು. ಹಿಂದೆ 1935ರಲ್ಲಿ ಹಿಲೋ ನಗರದ ಕಡೆಗೆ ಲಾವಾ ಬರುತ್ತಿದ್ದಾಗ ವಿಮಾನದಿಂದ ಬಾಂಬ್ ಹಾಕಿದ್ದೂ ಉಂಟು, ಜಾಗರ್ ಅವರ ಸಲಹೆಯಂತೆಯೇ. ಕೆಲವೇ ದಿನದಲ್ಲಿ ಲಾವಾ ನಿಂತಿತು, ಆದರೆ ಬಾಂಬಿನಿಂದ ನಿಂತಿತೋ ತಾನಾಗಿಯೇ ನಿಂತಿತೋ ಎಂದು ನಂತರದ ವಿಜ್ಞಾನಿಗಳಿಗೆ ಸಂಶಯ. 2014ರಲ್ಲಿ ಜಿಲ್ಲಾಡಳಿತ ತಿರುಗಿಸುವ ಕೆಲಸಕ್ಕೆ ಕೈ ಹಾಕಲಿಲ್ಲ. ಹವಾಯಿಯ ಮೂಲ ನಿವಾಸಿಗಳಲ್ಲಿ ಹಲವರಿಗೆ ಜ್ವಾಲಾಮುಖಿ ಎಂದರೆ ಪೆಲೆ ಎಂಬ ದೇವತೆ. ಆಕೆಯ ದಾರಿಗೆ ಅಡ್ಡ ನಿಲ್ಲಬಾರದು ಎಂದು ಅವರು ಹೇಳಿದರು. ಇದನ್ನು ಕೇಳಿ ನಗಬೇಡಿ. ಅದರ ಜೊತೆಗೆ ಲೌಕಿಕದ ಪ್ರಶ್ನೆಯೂ ಉಂಟು: ನನ್ನ ಮನೆಯಿಂದ ತಿರುಗಿಸಿದರೆ ಅದು ಯಾರ ಮನೆಗೆ ಹೋಗುತ್ತದೆ? ಮಳೆಗಾಲದಲ್ಲಿ ಮೇಲಿನ ಗದ್ದೆಯವರು ಕಣಿ ಕಡಿದು ನೀರನ್ನು ಕೆಳಗಿನವರ ತೋಟಕ್ಕೆ ಬಿಟ್ಟದ್ದಕ್ಕೆ ಎಷ್ಟು ಜಗಳ, ಎಷ್ಟು ಕೋರ್ಟು ಕೇಸು ಎಂದು ನಿಮಗೆ ಗೊತ್ತುಂಟು.

"ಅಂಥ ಜಾಗದಲ್ಲಿ ಮನೆ ಕಟ್ಟಿದ್ದೇ ಯಾಕೆ?" ಎಂದು ಕೇಳುವುದು ಸುಲಭ. ಆ ದ್ವೀಪವನ್ನು ಲಾವಾ ಅಪಾಯದ ಮೇಲೆ ಒಂಬತ್ತು ವಲಯ ಮಾಡಿ ನಕ್ಷೆ ಮಾಡಿದ್ದಾರೆ, ಒಂದನೆಯದು ಅತ್ಯಂತ ಅಪಾಯದ್ದು. ಆ ಕಡೆ ಜಾಗದ ಬೆಲೆ ಕಡಿಮೆ, ವಿಮೆ ಸಿಗುವುದು ಕಷ್ಟ. ಬೆಲೆ ಕಡಿಮೆ ಇರುವಲ್ಲಿ ಯಾರು ಹೋಗಿ ಮನೆ ಕಟ್ಟುತ್ತಾರೆ? ಬೇರೆ ಕಡೆ ಕೊಳ್ಳಲು ಆಗದವರು. ನಮ್ಮಲ್ಲಿ ಹೊಳೆ ಬದಿಯಲ್ಲಿ, ಗುಡ್ಡದ ಬುಡದಲ್ಲಿ ಐದು ಸೆಂಟ್ಸ್ ಜಾಗದಲ್ಲಿ ಯಾರ ಮನೆ ಇರುತ್ತದೆ ಎಂದು ನಾವು ಹೇಳಬೇಕಾಗಿಲ್ಲ.

ಪಾಹೋವಾದವರು ಅಸಮಾಧಾನದಿಂದ ಮನೆಗೆ ಹೋದ ಮೂರು ವರ್ಷದ ಮೇಲೆ, 2018ರ ಏಪ್ರಿಲ್ 30ರಂದು, ಹಳೆಯ ಕುಳಿಯ ತಳ ಕುಸಿಯಿತು. ನೆಲದೊಳಗೆ ಸಣ್ಣ ಸಣ್ಣ ಕಂಪನಗಳು ಪೂರ್ವಕ್ಕೆ ಸರಿಯುತ್ತಾ ಹೋದವು. ಯಂತ್ರಗಳಲ್ಲಿ ಇದನ್ನು ನೋಡಿದ ವೀಕ್ಷಣಾಲಯದವರು, ತಗ್ಗಿನ ಬಡಾವಣೆಗಳಲ್ಲಿ ಲಾವಾ ಏಳಬಹುದು ಎಂದು ತಿಳಿಸಿದರು. ಮೇ 3ರಂದು ಲೇಲಾನಿ ಎಸ್ಟೇಟ್ಸ್ ಎಂಬ ಬಡಾವಣೆಯ ರಸ್ತೆಯೇ ಬಿರಿದು ಲಾವಾ ಎದ್ದಿತು. ಈ ಸಲ ತೆವಳಲಿಲ್ಲ. ಒಟ್ಟು 24 ಬಿರುಕು. ಬೇಸಿಗೆ ಮುಗಿಯುವುದರೊಳಗೆ 716 ಮನೆಗಳು ಹೋದವು. ಆದರೆ ಲಾವಾಕ್ಕೆ ಸಿಕ್ಕಿ ಒಬ್ಬರೂ ಸಾಯಲಿಲ್ಲ. ಆಮೇಲೆ ಅಲ್ಲಿನ ಸರ್ಕಾರ ಹಾಳಾದ ಮನೆ ಜಾಗವನ್ನು ಇಷ್ಟ ಇದ್ದವರಿಂದ ಕೊಂಡುಕೊಳ್ಳುವ ಯೋಜನೆಯನ್ನೂ ಮಾಡಿತು.

ಇದು ಹಣ ಇರುವ ದೇಶದ ಕಥೆ. ಕಾವಲುಗಾರನಿಗೆ ಸಂಬಳ ಇಲ್ಲದ ಕಡೆ ಏನಾಗುತ್ತದೆ?

ಆಫ್ರಿಕಾದ ಕಾಂಗೋ ದೇಶದಲ್ಲಿ ಗೋಮಾ ಎಂಬ ದೊಡ್ಡ ನಗರ ಉಂಟು. ಲಕ್ಷಾಂತರ ಜನ, ಹೆಚ್ಚಿನವರು ಬಡವರು, ಹಲವರು ಯುದ್ಧದಿಂದ ಓಡಿ ಬಂದವರು. ಪಕ್ಕದಲ್ಲೇ ನ್ಯಿರಾಗೊಂಗೊ ಜ್ವಾಲಾಮುಖಿ. ಅದರ ಲಾವಾ ಬಹಳ ತೆಳು, ಇಳಿಜಾರು ಕಡಿದು. 1977ರಲ್ಲಿ ಗಂಟೆಗೆ 60 ಕಿಲೋಮೀಟರ್ ವರೆಗಿನ ವೇಗದಲ್ಲಿ ಇಳಿಯಿತು ಎನ್ನುತ್ತಾರೆ. ಅದರ ಮುಂದೆ ನಡೆಯುವುದಲ್ಲ, ಓಡಿದರೂ ಸಾಲದು. 2002ರ ಜನವರಿ 17ರಂದು ಲಾವಾ ನಗರದ ನಡುವೆಯೇ ಹರಿಯಿತು. ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಜನ ಮನೆ ಕಳೆದುಕೊಂಡರು, ಅಲ್ಲಿನ ಕಥೆಡ್ರಲ್ ಕೂಡ ಹೋಯಿತು. ನಂತರ ಹೊರದೇಶಗಳ ಸಹಾಯದಿಂದ ಅಲ್ಲಿನ ವೀಕ್ಷಣಾಲಯಕ್ಕೆ ಯಂತ್ರಗಳು ಬಂದವು. ಆದರೆ 2020ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ ಮುಗಿಯಿತು. ಇಂಟರ್ನೆಟ್ ಬಿಲ್ ಕಟ್ಟಲಿಕ್ಕೆ ದುಡ್ಡಿಲ್ಲ! ಬೆಟ್ಟದ ಮೇಲಿನ ಯಂತ್ರ ಹೇಳುವುದನ್ನು ಕೆಳಗೆ ಕೇಳಲಿಕ್ಕೆ ತಿಂಗಳುಗಟ್ಟಲೆ ಆಗಲಿಲ್ಲ. 2021ರ ವಸಂತದಲ್ಲಷ್ಟೇ ಸಂಪರ್ಕ ಮತ್ತೆ ಬಂತು. ಮೇ 22ರ ಸಂಜೆ ಬೆಟ್ಟ ಒಡೆಯಿತು.

ಇಲ್ಲಿ ನಾವು ಜಾಗ್ರತೆಯಿಂದ ಮಾತಾಡಬೇಕು. ಬಿಲ್ ಕಟ್ಟಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎಂದರೆ ಅದು ನ್ಯಾಯವಲ್ಲ. ನಂತರ ವಿಜ್ಞಾನಿಗಳು ದಾಖಲೆ ಪರಿಶೀಲಿಸಿದಾಗ, ಆ ಸಲ ಬೆಟ್ಟ ಕೊಟ್ಟ ಸ್ಪಷ್ಟ ಸೂಚನೆ ಒಂದು ಗಂಟೆಗಿಂತಲೂ ಕಡಿಮೆ ಸಮಯದ್ದು ಎಂದು ತಿಳಿಯಿತು. ಆದರೆ ಅಷ್ಟು ದಿನ ಕಿವಿ ಮುಚ್ಚಿ ಕೂತವರ ಮಾತಿಗೆ, ಆಮೇಲೆ ಎಷ್ಟು ಬೆಲೆ ಇರುತ್ತದೆ? ಸುಮಾರು ಮೂವತ್ತು ಜನ ಸತ್ತರು, ಸಾವಿರಾರು ಮನೆ ಹೋಯಿತು. ಐದು ದಿನದ ಮೇಲೆ, ನಗರದ ಅಡಿಯಲ್ಲೂ ಪಕ್ಕದ ಕಿವು ಸರೋವರದ ಅಡಿಯಲ್ಲೂ ಶಿಲಾರಸ ಇರಬಹುದು ಎಂಬ ಭಯದಿಂದ ಹತ್ತು ವಾರ್ಡುಗಳನ್ನು ಖಾಲಿ ಮಾಡಿ ಎಂದು ಆದೇಶ ಬಂತು. ಸುಮಾರು ನಾಲ್ಕು ಲಕ್ಷ ಜನ ಕೈಗೆ ಸಿಕ್ಕಿದ್ದು ಹಿಡಿದು ಹೊರಟರು. ಜೂನ್ ತಿಂಗಳಲ್ಲಿ ಮರಳಿ ಬಂದರು. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ದೇಶದ ಸೈನಿಕರೂ ಆಗ ಗೋಮಾದಲ್ಲಿ ಇದ್ದರು. ಅದೇ ನಗರ 2025ರ ಜನವರಿಯಲ್ಲಿ ಬಂಡುಕೋರರ ಕೈಗೆ ಹೋಯಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಬಂದೂಕು. ಅಲ್ಲಿನ ಹೆಂಗಸರ ಪಾಡು ಯೋಚಿಸಿ.

ಗೋಮಾದಲ್ಲಿ ಬೆಟ್ಟ ಒಡೆದ ಮೊದಲ ರಾತ್ರಿಯ ಗಲಾಟೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಕ್ಕಳು ಮನೆಯವರಿಂದ ತಪ್ಪಿಹೋದರು ಎಂದು ಯುನಿಸೆಫ್ ತಿಳಿಸಿತು. ಇನ್ನೂ ನೂರೆಪ್ಪತ್ತಕ್ಕೂ ಹೆಚ್ಚು ಮಕ್ಕಳು ಕಾಣೆಯಾಗಿರಬಹುದು ಎಂಬ ಭಯವಿತ್ತು. ಪಾಹೋವಾದಲ್ಲಿ ಮನೆಮನೆಗೆ ಹೋಗಿ "ನೀವು ಎಲ್ಲಿಗೆ ಹೋಗುತ್ತೀರಿ" ಎಂದು ಬರೆದುಕೊಳ್ಳಲು ನಾಲ್ಕು ತಿಂಗಳು ಇತ್ತು. ಗೋಮಾದಲ್ಲಿ ಒಂದು ಸಂಜೆಯೂ ಇರಲಿಲ್ಲ.

ಅದಕ್ಕೆ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ನಿಮ್ಮ ಸಂಘದ ನಿರ್ಣಯ ಪುಸ್ತಕದ ಕೊನೆಯ ಪುಟ ತೆಗೆಯಿರಿ. ಪ್ರತಿ ಸದಸ್ಯೆಯ ಮನೆಯಲ್ಲಿ ರಾತ್ರಿ ಮಲಗುವವರು ಎಷ್ಟು ಜನ, ಅದರಲ್ಲಿ ನಡೆಯಲಾಗದವರು ಯಾರು, ಬಸುರಿ ಬಾಣಂತಿ ಯಾರು, ಅಂಗನವಾಡಿಗೆ ಹೋಗುವ ಮಕ್ಕಳ ಹೆಸರೇನು, ಮನೆ ಬಿಟ್ಟು ಹೋಗಬೇಕಾಗಿ ಬಂದರೆ ಯಾರ ಮನೆಗೆ ಹೋಗುವುದು, ಅವರ ಫೋನ್ ನಂಬರ್ ಏನು, ಇಷ್ಟನ್ನು ಬರೆದಿಡಿ. ಚಿಕ್ಕ ಮಕ್ಕಳಿಗೆ ಅಪ್ಪ ಅಮ್ಮನ ಪೂರ್ತಿ ಹೆಸರು, ಊರಿನ ಹೆಸರು ಬಾಯಿಪಾಠ ಮಾಡಿಸಿ. "ಅಮ್ಮ" ಅಂದರೆ ಯಾವ ಅಮ್ಮ ಎಂದು ಯಾರಿಗೂ ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಪುಟ ತಿದ್ದಿ. ಮುಂದಿನ ತಿಂಗಳು ನಾವು ಲೆಕ್ಕಪುಸ್ತಕ ನೋಡಲು ಬಂದಾಗ ಉಳಿತಾಯದ ಪುಟಕ್ಕಿಂತ ಮೊದಲು ಈ ಪುಟವನ್ನೇ ಕೇಳುತ್ತೇವೆ.